ನೋಡೋಕೂ ಚೆಂದ, ಕೈಗೂ ಒಗ್ಗೋ ವಿಂಡೋ ಮ್ಯಾನೇಜರ್ ಯಾವುದು?

ಕೇಳಿದವರು: ಲಿನಕ್ಸ್‌ಗೆ ಬಂದು ಒಂದು ವರ್ಷ, ಇಲ್ಲೀವರೆಗೂ ಗ್ನೋಮ್ ಡೆಸ್ಕ್‌ಟಾಪ್‌ನಲ್ಲೇ ಇದ್ದೆ. ಜನ ಹಾಕೋ ಸ್ಕ್ರೀನ್‌ಶಾಟ್ ನೋಡಿ ಆಸೆ ಹುಟ್ಟಿದೆ. ಹಗಲೆಲ್ಲ ಕೋಡ್ ಬರೀತೀನಿ, ಸಂಜೆ ಗಿಂಪ್‌ನಲ್ಲಿ ಫೋಟೊ ತಿದ್ದೋದು. ಬಳಸಿದವರು ಹೇಳಿ, ಯಾವುದು ಹಾಕಲಿ?

ಐ3 ಬಳಸುವವರು: ಸ್ಕ್ರೀನ್‌ಶಾಟ್ ನೋಡಿ ಆರಿಸಬೇಡಿ. ನಾನು ಹಾಗೇ ಮಾಡಿ ಎರಡು ವಾರ ಕಳ್ಕೊಂಡೆ. ವಿಂಡೋ ಮ್ಯಾನೇಜರ್ ಕೆಲಸ ಪರದೆ ಮೇಲೆ ವಿಂಡೋಗಳನ್ನ ಇಡೋದು, ಜೋಡಿಸೋದು; ಆ ಚೆಂದದಲ್ಲಿ ಅದರ ಪಾಲು ಕಮ್ಮಿ. ನೆರಳು, ಪಾರದರ್ಶಕತೆ ಪಿಕಾಮ್ ಅನ್ನೋ ಬೇರೆ ಪ್ರೋಗ್ರಾಂದು, ಮೇಲಿನ ಪಟ್ಟಿ ಪಾಲಿಬಾರ್, ಆ್ಯಪ್ ಹುಡುಕೋ ಪೆಟ್ಟಿಗೆ ರೋಫಿ. ಇವು ಮೂರೂ ಓಪನ್‌ಬಾಕ್ಸ್‌ನಂಥ ಬೇರೆ ವಿಂಡೋ ಮ್ಯಾನೇಜರ್ ಜೊತೆಗೂ ನಡೀತವೆ. ವಿಂಡೋಗಳ ನಡುವೆ ಜಾಗ ಬಿಡೋದಕ್ಕೆ ಮುಂಚೆ ಐ3-ಗ್ಯಾಪ್ಸ್ ಅಂತ ಬೇರೆಯದನ್ನೇ ಹಾಕ್ಬೇಕಿತ್ತು, 4.22ರಿಂದ ಅದು ಐ3 ಒಳಗೇ ಬಂತು.

ಕೋಡಿಗೆ ಐ3 ಹೇಳಿ ಮಾಡಿಸಿದ ಹಾಗಿದೆ. ಅದು ಟೈಲಿಂಗ್, ಅಂದ್ರೆ ವಿಂಡೋಗಳನ್ನ ಒಂದರ ಮೇಲೊಂದು ಬೀಳದ ಹಾಗೆ ತಾನೇ ಜೋಡಿಸುತ್ತೆ. ಎಡಕ್ಕೆ ಎಡಿಟರ್, ಬಲಕ್ಕೆ ಟರ್ಮಿನಲ್, ಎಳೆದಾಡೋ ಕೆಲಸವೇ ಇಲ್ಲ. ಆದರೆ ಗ್ನೋಮ್ ಸದ್ದಿಲ್ಲದೆ ಮಾಡ್ತಿದ್ದ ಚಾಕರಿಯೆಲ್ಲ ನಿಮ್ಮ ತಲೆಗೆ ಬರುತ್ತೆ. ನನಗೆ ಮೊದಲ ದಿನ ಬ್ರೈಟ್‌ನೆಸ್ ಕೀ ಕೆಲಸ ಮಾಡಲಿಲ್ಲ, ನೋಟಿಫಿಕೇಶನ್ ಒಂದೂ ಬರಲಿಲ್ಲ. ಪಾಸ್‌ವರ್ಡ್ ಕೇಳಬೇಕಾದ ಪ್ರೋಗ್ರಾಂ ಸುಮ್ಮನೆ ಮುಚ್ಚಿಕೊಳ್ತಿತ್ತು. ಪಾಸ್‌ವರ್ಡ್ ಪೆಟ್ಟಿಗೆ ತೋರಿಸೋ ಪೋಲ್‌ಕಿಟ್ ಏಜೆಂಟ್ ಶುರುವಾಗಿಲ್ಲ ಅಂತ ತಿಳಿಯೋಕೆ ಒಂದು ರಾತ್ರಿ ಹಿಡೀತು. ಬ್ರೈಟ್‌ನೆಸ್‌ಗೆ ಬ್ರೈಟ್‌ನೆಸ್‌ಸಿಟಿಎಲ್, ನೋಟಿಫಿಕೇಶನ್‌ಗೆ ಡನ್ಸ್ಟ್, ಒಂದು ಪೋಲ್‌ಕಿಟ್ ಏಜೆಂಟ್, ಈ ಮೂರನ್ನ ಮೊದಲೇ ಹಾಕ್ಕೊಳ್ಳಿ. ಬಣ್ಣ, ಫಾಂಟು ಆಮೇಲೆ.

ಕೇಳಿದವರು: ಗಿಂಪ್ ಕಥೆ ಏನು?

ಐ3 ಬಳಸುವವರು: ಸಣ್ಣ ಡೈಲಾಗ್‌ಗಳು ಜೋಡಣೆಗೆ ಸೇರದೆ ತಾವಾಗೇ ಮೇಲೆ ತೇಲ್ತವೆ. ಉಳಿದದ್ದನ್ನ ಮಾಡ್-ಶಿಫ್ಟ್-ಸ್ಪೇಸ್ (ಮಾಡ್ ಅಂದ್ರೆ ಐ3ಗೆ ನೀವು ಆರಿಸಿಕೊಂಡ ಕೀ, ಆಲ್ಟ್ ಅಥವಾ ವಿಂಡೋಸ್ ಕೀ) ಒತ್ತಿ ತೇಲಿಸಬಹುದು. ಒಗ್ಗುತ್ತೆ, ಆದರೆ ಖುಷಿ ಅನ್ನಲಾರೆ.

ಓಪನ್‌ಬಾಕ್ಸ್ ಬಳಸಿದವರು: ಅದಕ್ಕೇ ನಾನು ಟೈಲಿಂಗ್ ಬಿಟ್ಟೆ. ಕೈ ಮೌಸ್ ಮೇಲೇ ಇರೋರಿಗೆ ಓಪನ್‌ಬಾಕ್ಸ್ ಹಗುರ, ಖಾಲಿ ಜಾಗದಲ್ಲಿ ರೈಟ್ ಕ್ಲಿಕ್ ಮಾಡಿದ್ರೆ ಮೆನು. ಆದರೆ ಅದರ ಕೊನೆಯ ಬಿಡುಗಡೆ 3.6.1 ಬಂದಿದ್ದು 2015ರಲ್ಲಿ, ಅದೂ ಪರದೆಗೆ ಚಿತ್ರ ತರೋ ಹಳೆಯ ವ್ಯವಸ್ಥೆ ಎಕ್ಸ್11ಗೆ ಮಾತ್ರ. ಹೊಸ ವ್ಯವಸ್ಥೆ ವೇಲ್ಯಾಂಡ್‌ಗೆ ಅದೇ ರುಚಿಯ ಲ್ಯಾಬ್‌ಡಬ್ಲ್ಯುಸಿ ಇದೆ, ಓಪನ್‌ಬಾಕ್ಸ್ ಥೀಮ್‌ಗಳನ್ನೂ ಓದುತ್ತೆ. ನಾನೀಗ ಅದರಲ್ಲೇ ಇದ್ದೀನಿ.

ಇನ್ನೊಬ್ಬರು: ವೇಲ್ಯಾಂಡ್‌ನ ಟೈಲಿಂಗ್ ಮ್ಯಾನೇಜರ್ ಹೈಪರ್‌ಲ್ಯಾಂಡ್ ಅನಿಮೇಶನ್, ದುಂಡು ಮೂಲೆ, ಮಸುಕು ಎಲ್ಲ ತಾನೇ ಕೊಡುತ್ತೆ, ಪಿಕಾಮ್ ಬೇಡ. ಚೆಂದ ನಿಜ. ಅಪ್‌ಡೇಟ್ ಆದಾಗ ಕಾನ್ಫಿಗ್ (ಸೆಟ್ಟಿಂಗ್ ಫೈಲ್) ತಿದ್ದೋ ತಾಳ್ಮೆ ಇದ್ರೆ ಮಾತ್ರ ಹೋಗಿ. ನನಗಿರಲಿಲ್ಲ, ವೇಲ್ಯಾಂಡ್‌ಗೆ ಐ3 ಥರದ್ದೇ ಆದ ಸ್ವೇಗೆ ಬಂದೆ. ಐ3ಯ ಕಾನ್ಫಿಗ್ ಫೈಲೇ ಹೆಚ್ಚುಕಮ್ಮಿ ಹಾಗ್ಹಾಗೇ ನಡೀತು.

ಪ್ಲಾಸ್ಮಾ ಬಳಸುವವರು: ಎಲ್ಲಾ ಬಿಚ್ಚಿ ಜೋಡಿಸೋದೇ ಯಾಕೆ? ಗ್ನೋಮ್‌ನಂಥದೇ ಪೂರ್ತಿ ಡೆಸ್ಕ್‌ಟಾಪ್ ಆದ ಕೆಡಿಇ ಪ್ಲಾಸ್ಮಾದಲ್ಲಿ 5.27ರಿಂದ ಮೆಟಾ-ಟಿ (ಮೆಟಾ ಅಂದ್ರೆ ವಿಂಡೋಸ್ ಕೀ) ಒತ್ತಿದ್ರೆ ಪರದೆಯನ್ನ ಬೇಕಾದ ಹಾಗೆ ಭಾಗ ಮಾಡ್ಕೋಬಹುದು. ಶಿಫ್ಟ್ ಹಿಡಿದು ವಿಂಡೋ ಎಳೆದ್ರೆ ಅಲ್ಲಿ ಕೂರುತ್ತೆ.

ಕೇಳಿದವರು: ಸರಿ, ಗ್ನೋಮ್ ತೆಗೆಯೋದಿಲ್ಲ. ಪಕ್ಕದಲ್ಲೇ ಐ3 ಹಾಕಿ, ಲಾಗಿನ್ ಪರದೆಯಲ್ಲಿ ಹಗಲು ಐ3, ಸಂಜೆ ಗ್ನೋಮ್ ಆರಿಸ್ಕೊಂಡು ನೋಡ್ತೀನಿ. ಪೋಲ್‌ಕಿಟ್ ಏಜೆಂಟ್ ಮೊದಲು, ನೆನಪಿದೆ.