ಅಜೋಲಾ ಕೆಂಪಾಗಿದೆ, ಎಸೆಯಲಾ ಅಂದ ಅತ್ತಿಗೆಗೆ

ಅತ್ತಿಗೆ, ಬೆಳಿಗ್ಗೆ ನೀವು ಗುಂಪಿಗೆ ಹಾಕಿದ ಫೋಟೋ ಈಗಷ್ಟೇ ನೋಡಿದೆ. ಹಸುವಿನ ಮೇವಿಗೆ ಅಂತ ಕೊಟ್ಟಿಗೆ ಪಕ್ಕದ ನೀರಿನ ಗುಂಡಿಯಲ್ಲಿ ಬೆಳೆಸಿದ ಅಜೋಲಾ ಕೆಂಪಾಗಿದೆ, ರೋಗ ಬಂದಿರಬೇಕು, ಎಲ್ಲಾ ಬಾಚಿ ತಿಪ್ಪೆಗೆ ಎಸೆಯಲಾ ಅಂತ ಕೇಳಿದ್ದೀರಿ. ದಯವಿಟ್ಟು ಎಸೆಯಬೇಡಿ. ಅದು ಸತ್ತಿಲ್ಲ. ಸ್ವಲ್ಪ ಉದ್ದ ಆಗುತ್ತದೆ, ಹಾಲು ಕರೆದಾದ ಮೇಲೆ ನಿಧಾನವಾಗಿ ಕೇಳಿ.

ದೊಡ್ಡಪ್ಪ ಇದು ಪಾಚಿ ಅಂತ ಬರೆದಿದ್ದಾರೆ. ನೋಡಿದರೆ ಹಾಗೇ ಕಾಣುತ್ತದೆ, ಆದರೆ ಇದು ಜರೀಗಿಡ ದೊಡ್ಡಪ್ಪ. ಮಲೆನಾಡಿನಲ್ಲಿ ಬಂಡೆ ಸಂದಿಯಲ್ಲಿ ಬೆಳೆಯುತ್ತದಲ್ಲ, ಅದರ ಬಳಗದ್ದೇ, ಆದರೆ ನೀರಿನ ಮೇಲೆ ತೇಲುವಂಥದ್ದು. ಅತ್ತಿಗೆ, ಒಂದು ಚೂರು ತೆಗೆದು ಅಂಗೈ ಮೇಲೆ ಇಟ್ಟುಕೊಳ್ಳಿ. ಹೆಬ್ಬೆರಳ ಉಗುರಿನಷ್ಟು ಇರುತ್ತದೆ. ಎಲೆಗಳು ಮನೆ ಹಂಚಿನ ಹಾಗೆ ಒಂದರ ಮೇಲೊಂದು ಕೂತಿರುತ್ತವೆ. ಕೆಳಗೆ ದಾರದಂಥ ಬೇರು ಜೋತಾಡುತ್ತಿರುತ್ತದೆ. ಮೇಲೆ ಒಂದು ಹನಿ ನೀರು ಬಿಡಿ. ಕೆಸುವಿನ ಎಲೆ ಮೇಲೆ ಉರುಳಿದ ಹಾಗೆ ಉರುಳಿ ಹೋಗುತ್ತದೆ.

ಆ ಪುಟ್ಟ ಎಲೆಯ ಒಳಗೆ ಒಂದು ಪೊಟರೆ ಇದೆ. ಅದರಲ್ಲಿ ನೀಲಿ ಹಸಿರು ಪಾಚಿ ವಾಸ ಮಾಡುತ್ತದೆ. ಹಾಗಾಗಿ ದೊಡ್ಡಪ್ಪ ಹೇಳಿದ ಪಾಚಿ ಇದೆ, ಆದರೆ ಒಳಗಿದೆ. ಅದು ಗಾಳಿಯಲ್ಲಿರುವ ಸಾರಜನಕ ಹಿಡಿದು ಗಿಡಕ್ಕೆ ಕೊಡುತ್ತದೆ, ಗಿಡ ಅದಕ್ಕೆ ಮನೆ ಕೊಡುತ್ತದೆ. ತಾಯಿ ಗಿಡದಿಂದ ಮರಿಗೂ ಜೊತೆಯಲ್ಲೇ ಹೋಗುತ್ತದೆ, ಎಂದೂ ಬಿಟ್ಟಿರುವುದಿಲ್ಲ. ಅದಕ್ಕೇ ಅಜೋಲಾಕ್ಕೆ ಯೂರಿಯಾ ಬೇಡ. ಚೀನಾ, ವಿಯೆಟ್ನಾಂ ಕಡೆ ನೂರಾರು ವರ್ಷಗಳಿಂದ ಭತ್ತದ ಗದ್ದೆಯಲ್ಲಿ ಇದನ್ನು ಬಿಡುತ್ತಿದ್ದದ್ದು ಇದೇ ಗೊಬ್ಬರದ ಆಸೆಗೆ.

ಆದರೆ ಗಿಡಕ್ಕೆ ಬೇಕಾದ ಇನ್ನೊಂದು ಪೋಷಕಾಂಶ ರಂಜಕ, ಅದು ಗಾಳಿಯಲ್ಲಿ ಸಿಗುವುದಿಲ್ಲ. ಅದನ್ನು ನಾವೇ ಕೊಡಬೇಕು. ಕಡಿಮೆಯಾದರೆ ಗಿಡ ಕೆಂಪಾಗುತ್ತದೆ. ಸುಡು ಬಿಸಿಲಿಗೂ ಕೆಂಪಾಗುತ್ತದೆ, ಚಳಿಗೂ ಆಗುತ್ತದೆ. ನಿಮ್ಮ ಫೋಟೋದಲ್ಲಿ ಗುಂಡಿ ಮೇಲೆ ನೇರ ಬಿಸಿಲು ಬಿದ್ದಿದೆ. ಮೊದಲು ಅಲ್ಲಿ ಹೊಂಗೆ ಮರದ ನೆರಳು ಇತ್ತು, ಅಲ್ವಾ? ಕೊಂಬೆ ಕಡಿಸಿದ್ದೀರಿ ಅನ್ನಿಸುತ್ತದೆ. ನನ್ನ ಮೊದಲ ಗುಂಡಿ ಹೋಗಿದ್ದು ಹೀಗೇ. ಏಪ್ರಿಲ್‌ನಲ್ಲಿ ಬಯಲಲ್ಲಿ ಮಾಡಿದ್ದೆ. ಮಧ್ಯಾಹ್ನ ನೀರಿಗೆ ಕೈ ಹಾಕಿದರೆ ಸ್ನಾನದ ನೀರಿನಷ್ಟು ಬಿಸಿ. ಕೆಂಪಾದಾಗ ನಾನು ಸುಮ್ನೆ ನೋಡುತ್ತಾ ಕೂತೆ, ಆಮೇಲೆ ಕಂದಾಯಿತು, ಕೊಳೆತು ವಾಸನೆ ಬಂತು. ತುಂಬಾ ಬೇಜಾರಾಗಿತ್ತು. ನಿಮ್ಮದು ಇನ್ನೂ ಆ ಹಂತಕ್ಕೆ ಬಂದಿಲ್ಲ.

ಇದಕ್ಕೆ ಬೇಕಾಗಿರುವುದು ನಿಂತ ನೀರು, ಅರ್ಧ ನೆರಳು, 20ರಿಂದ 30 ಡಿಗ್ರಿ ಬಿಸಿ. ಕೆರೆ ಅಂಚು, ಗದ್ದೆ, ಅಲೆ ಏಳದ ಹೊಂಡ, ಅಂಥ ಕಡೆ ತಾನಾಗೇ ಬರುತ್ತದೆ. ಹರಿಯುವ ನೀರಲ್ಲಿ ನಿಲ್ಲುವುದಿಲ್ಲ, ಉಪ್ಪು ನೀರು ಆಗಿ ಬರುವುದಿಲ್ಲ. ಆದ್ದರಿಂದ ಇವತ್ತೇ ಮೇಲೆ ತೆಂಗಿನ ಗರಿ ಹೊದಿಸಿ, ಪೂರ್ತಿ ಕತ್ತಲೆ ಮಾಡಬೇಡಿ. ಕಾಲು ಭಾಗ ಹಳೇ ನೀರು ತೆಗೆದು ಹೊಸದು ಹಾಕಿ. ನಿಮ್ಮದು 2 ಮೀಟರ್ ಉದ್ದ, 1 ಮೀಟರ್ ಅಗಲದ ಗುಂಡಿ ತಾನೇ? ಅದಕ್ಕೆ 1 ಕೆಜಿ ಹಸಿ ಸಗಣಿ, 20 ಗ್ರಾಂ ಸೂಪರ್ ಫಾಸ್ಫೇಟ್ (ರಂಜಕದ ಗೊಬ್ಬರ) ನೀರಲ್ಲಿ ಕದಡಿ ಹಾಕಿ. 5 ದಿನಕ್ಕೊಮ್ಮೆ ಇಷ್ಟೇ ಸಾಕು, ಜಾಸ್ತಿ ಬೇಡ. ಒತ್ತೊತ್ತಾಗಿ ಬೆಳೆದಿದ್ದನ್ನು ಬಾಚಿ ತೆಗೆಯಿರಿ. ಚೆನ್ನಾಗಿದ್ದಾಗ 3ರಿಂದ 5 ದಿನಕ್ಕೆ ಎರಡರಷ್ಟಾಗುವ ಗಿಡ ಇದು. ದಿನಾ ಅರ್ಧ ಕೆಜಿ ತೆಗೆಯದಿದ್ದರೆ ಒಂದರ ಮೇಲೊಂದು ಹತ್ತಿ ಉಸಿರುಗಟ್ಟುತ್ತದೆ. ಹಸುವಿಗೆ ಕೊಡುವ ಮುಂಚೆ ಸಗಣಿ ವಾಸನೆ ಹೋಗುವ ಹಾಗೆ ಎರಡು ಮೂರು ನೀರಲ್ಲಿ ತೊಳೆದು, ಹಿಂಡಿ ಜೊತೆ ಕಲಸಿ.

ತೆಗೆದಿದ್ದನ್ನು ಮಾತ್ರ ಕೆರೆಗೆ ಹಾಕಬೇಡಿ. ನೀರಿನ ಮೇಲೆ ಮುಚ್ಚಿಕೊಂಡರೆ ಕೆಳಗೆ ಬೆಳಕು ಹೋಗುವುದಿಲ್ಲ, ಮೀನಿಗೆ ಉಸಿರಾಡಲು ಕಷ್ಟ. ಹೂಗಿಡದ ಬುಡಕ್ಕೆ ಹಾಕಿ, ಒಳ್ಳೆ ಗೊಬ್ಬರ.

ಪುಟ್ಟನಿಗೆ ಇದನ್ನು ತೋರಿಸಿ ಒಂದು ವಿಷಯ ಹೇಳಿ. ಸುಮಾರು 4.9 ಕೋಟಿ ವರ್ಷಗಳ ಹಿಂದೆ ಉತ್ತರ ಧ್ರುವದ ಸಮುದ್ರದ ಮೇಲೆ ಸಿಹಿನೀರಿನ ಪದರ ನಿಂತಿತ್ತು, ಆಗ ಭೂಮಿ ಈಗಿನದಕ್ಕಿಂತ ಬೆಚ್ಚಗಿತ್ತು. ಅಲ್ಲಿ ಅಜೋಲಾ ಹಬ್ಬಿತ್ತು. 2004ರಲ್ಲಿ ಸಮುದ್ರದ ತಳ ಕೊರೆದಾಗ ಅದರ ಗುರುತು ತುಂಬಿದ ಮಣ್ಣು ಸಿಕ್ಕಿತು. ಈಗ ಮಂಜುಗಡ್ಡೆ ಮುಚ್ಚಿರುವ ಜಾಗ ಅದು. ನನಗೆ ಇದನ್ನು ಓದಿದ ದಿನ ನಿದ್ದೆಯೇ ಬರಲಿಲ್ಲ ಅತ್ತಿಗೆ.

ಒಂದು ವಾರ ಬಿಟ್ಟು ಇನ್ನೊಂದು ಫೋಟೋ ಹಾಕಿ. ಹೊಸ ಚಿಗುರು ಹಸಿರಾಗಿ ಬಂದಿದ್ದರೆ ಗರಿ ಹಾಗೇ ಇರಲಿ. ಬರದಿದ್ದರೆ ನಮ್ಮ ಗುಂಡಿಯಿಂದ 1 ಕೆಜಿ ಬುಟ್ಟಿಯಲ್ಲಿ ಹಾಕಿಕೊಂಡು ಭಾನುವಾರ ನಾನೇ ಬರುತ್ತೇನೆ.