ಸೊಸೆಯ ಉಪಚಾರ ಸೀಮಂತದವರೆಗೆ ಕಾಯಬಾರದು

ಅತ್ತಿಗೆ, ಬೆಳಿಗ್ಗೆ ನೀವು ಗ್ರೂಪ್‌ನಲ್ಲಿ ಕೇಳಿದ್ದನ್ನು ಈಗ ನೋಡಿದೆ. "ಬಸುರಿ ಟೆನ್ಷನ್ ಮಾಡಿಕೊಂಡರೆ ಮಗು ಅಂಜುಬುರುಕ ಆಗುತ್ತಂತೆ. ಸೊಸೆ ಬಸುರಿ ಆದ ತಕ್ಷಣ ತವರಿಗೆ ಕಳಿಸಿ ರೆಸ್ಟ್ ಕೊಡಿಸೋಣ, ಅಲ್ಲಿವರೆಗೆ ಮನೆ, ಕೊಯ್ಲು ಎಲ್ಲ ಕಲಿಯಲಿ" ಅಂದಿದ್ದೀರಿ. ಅವಳಿನ್ನೂ ಈ ಗ್ರೂಪ್‌ನಲ್ಲಿಲ್ಲ. ಇದ್ದಿದ್ದರೂ ನಾನು ಇದನ್ನೇ ಹೇಳುತ್ತಿದ್ದೆ.

ರೆಸ್ಟ್ ಕೊಡಿಸುವುದು ಒಳ್ಳೆಯದೇ. ಆದರೆ ಬಸುರಿ ಅಂತ ಗೊತ್ತಾಗುವುದೇ ತಡವಾಗಿ ಅಲ್ವಾ? ಮಗುವಿನ ಮಿದುಳು, ಬೆನ್ನುಹುರಿ ಆಗುವ ನಾಳ ಗರ್ಭ ಕಟ್ಟಿದ ಸುಮಾರು 28 ದಿನಕ್ಕೆಲ್ಲ ಮುಚ್ಚಿಕೊಂಡುಬಿಡುತ್ತದೆ. ಅದಕ್ಕೇ, ಆ ನಾಳ ಸರಿಯಾಗಿ ಮುಚ್ಚಿಕೊಳ್ಳಲಿ ಅಂತ ಕೊಡುವ ಫೋಲಿಕ್ ಆಸಿಡ್ ಮಾತ್ರೆ, ದಿನಕ್ಕೆ 400 ಮೈಕ್ರೋಗ್ರಾಂ, ಮಗು ಬೇಕು ಅಂದುಕೊಂಡಾಗಲೇ ಶುರು ಮಾಡಿ ಎನ್ನುತ್ತಾರೆ. ಇನ್ನೂ ಹಿಂದಕ್ಕೆ ಹೋಗಿ. ಹೆಣ್ಣಿನ ಅಂಡಗಳು ಅವಳು ತನ್ನ ತಾಯಿಯ ಹೊಟ್ಟೆಯಲ್ಲಿದ್ದಾಗಲೇ ಹುಟ್ಟಿಕೊಂಡಿರುತ್ತವೆ. ಅವಳು ಕಂಡ ಸುಖ ಕಷ್ಟ ಎಲ್ಲದರ ಜೊತೆಗೂ ಅವು ಇದ್ದವೇ.

ಇಸ್ರೇಲಿನ ಹೈಫಾ ವಿಶ್ವವಿದ್ಯಾಲಯದವರು ಇದನ್ನು ಇಲಿಗಳಲ್ಲಿ ನೋಡಿ 2013ರಲ್ಲಿ ಪ್ರಕಟಿಸಿದರು. ಎಳೆಯ ಹೆಣ್ಣಿಲಿಗಳಿಗೆ, ಇನ್ನೂ ಗಂಡಿನ ಜೊತೆ ಬಿಡುವ ಮೊದಲೇ, ಕೆಲವು ದಿನ ಒತ್ತಡ ಕೊಟ್ಟರು. ಒತ್ತಡಕ್ಕೆ ಮೈ ಹೇಗೆ ಎಚ್ಚರಗೊಳ್ಳಬೇಕು ಅಂತ ನಡೆಸುವ ಒಂದು ಜೀನ್ ಇದೆ. ಅದರ ಚಟುವಟಿಕೆ ಆ ಇಲಿಗಳ ಅಂಡದಲ್ಲೇ ಜಾಸ್ತಿಯಾಗಿತ್ತು. ಆಮೇಲೆ ಹುಟ್ಟಿದ ಮರಿಗಳ ಮಿದುಳಿನಲ್ಲೂ ನಡವಳಿಕೆಯಲ್ಲೂ ವ್ಯತ್ಯಾಸ ಕಂಡಿತು. ಬಸುರಿಯಾಗಿದ್ದಾಗ ಆ ಇಲಿಗಳಿಗೆ ಯಾವ ಕಾಟವನ್ನೂ ಕೊಟ್ಟಿರಲಿಲ್ಲ!

ಒಳ್ಳೆಯದೂ ಹೀಗೇ ದಾಟುತ್ತದೆ. ನನಗೆ ತುಂಬ ಹಿಡಿಸಿದ್ದು ಇದು. ರೋಮ್‌ನಲ್ಲಿ ಕೆಲವು ಹೆಣ್ಣಿಲಿಗಳನ್ನು ಬಸುರಿಗೆ ಮೊದಲು ದೊಡ್ಡ ಗೂಡಿನಲ್ಲಿ ಬೆಳೆಸಿದರು. ಓಡಲು ಚಕ್ರ, ಆಟದ ಸಾಮಾನು, ಜೊತೆಗೆ ಬೇರೆ ಇಲಿಗಳು. ಅವು ತಾಯಿಯಾದಾಗ ಮರಿಗಳನ್ನು ಹೆಚ್ಚು ನೆಕ್ಕಿ, ಹೆಚ್ಚು ಹೊತ್ತು ಅಪ್ಪಿಕೊಂಡು ಸಾಕಿದವು. ಇಲಿಗೂ ಮನುಷ್ಯರಿಗೂ ವ್ಯತ್ಯಾಸ ಇದೆ, ಒಪ್ಪುತ್ತೇನೆ. ಆದರೆ ನಮ್ಮ ಕಾಫಿ ತೋಟದಲ್ಲೇ ನೋಡಿ, ಈ ವರ್ಷದ ಹಣ್ಣು ಕೂರುವುದು ಹೋದ ವರ್ಷ ಬೆಳೆದ ರೆಂಬೆಯ ಮೇಲೆ. ಹಣ್ಣು ಕಚ್ಚಿದ ಮೇಲೆ ಗೊಬ್ಬರ ಹಾಕಿದರಾಯಿತು ಅಂತ ಅಣ್ಣ ಎಂದಾದರೂ ಅಂದಿದ್ದಾರಾ?

ಅಣ್ಣನೂ ಮಗನೂ ಇದನ್ನು ಕೇಳಿಸಿಕೊಳ್ಳಲಿ. 2013ರಲ್ಲೇ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಿಂದ ಇನ್ನೊಂದು ಅಧ್ಯಯನ ಬಂತು. ಮೊದಲೇ ಒತ್ತಡ ಅನುಭವಿಸಿದ ಗಂಡಿಲಿಯ ಮರಿಗಳಲ್ಲೂ ಒತ್ತಡದ ಹಾರ್ಮೋನು ಏರುವ ರೀತಿ ಬದಲಾಗಿತ್ತು. ಭಾರವೆಲ್ಲ ಹೆಣ್ಣಿನ ತಲೆಗೇ ಕಟ್ಟುವ ಹಾಗಿಲ್ಲ.

ಹಾಗಂತ ಇದು ಹಣೆಬರಹವೂ ಅಲ್ಲ. ಕೆನಡಾದ ಮಾಂಟ್ರಿಯಲ್‌ನಲ್ಲಿ ಮೈಕೆಲ್ ಮೀನಿ ಎನ್ನುವವರ ತಂಡ, ಮರಿಯನ್ನು ಅಷ್ಟಾಗಿ ನೆಕ್ಕದ ತಾಯಿಲಿಯ ಮರಿಗಳನ್ನು ಚೆನ್ನಾಗಿ ನೆಕ್ಕುವ ತಾಯಿಯ ಹತ್ತಿರ ಬಿಟ್ಟಿತು. ಅವು ದೊಡ್ಡವಾದ ಮೇಲೆ ಸಾಕಿದ ತಾಯಿಯ ಮಕ್ಕಳ ಹಾಗೆ ಸಮಾಧಾನವಾಗಿದ್ದವು. ಕಷ್ಟದಲ್ಲಿ ಬೆಳೆದ ಹುಡುಗಿಯ ಮಗು ಗಟ್ಟಿ ಇರಲ್ಲ ಅಂತ ದಯವಿಟ್ಟು ಯಾರೂ ಅರ್ಥ ಮಾಡಿಕೊಳ್ಳಬೇಡಿ. ಮುಂದೆ ಮಗು ರಚ್ಚೆ ಹಿಡಿದರೆ ಅವಳ ತವರಿನ ಕಡೆ ಬೆರಳು ತೋರಿಸಬೇಡಿ.

ಈಗ ನಿಮ್ಮ ಮನೆಯ ವಿಷಯ. "ಏನಾದ್ರೂ ವಿಶೇಷ ಇದೆಯಾ" ಅಂತ ತಿಂಗಳು ತಿಂಗಳು ಕೇಳುವುದನ್ನು ಎಲ್ಲರೂ ನಿಲ್ಲಿಸೋಣ. ಅದೇ ದೊಡ್ಡ ಟೆನ್ಷನ್. ಹಾಸನದ ಕೆಲಸ ಅವಳಿಗೆ ಇಷ್ಟ, ಬಿಡಿಸಬೇಡಿ. ಗೆಳತಿಯರ ಜೊತೆ ಮಾತಾಡಲಿ, ಭಾನುವಾರ ನಿಧಾನವಾಗಿ ಏಳಲಿ. ಒಂದು ರಕ್ತ ಪರೀಕ್ಷೆ ಮಾಡಿಸಿ. 2019–21ರ ಸರ್ವೆಯಲ್ಲಿ ನಮ್ಮ ದೇಶದ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 57 ಜನಕ್ಕೆ ರಕ್ತಹೀನತೆ ಇತ್ತು. ಡಾಕ್ಟರ್ ಹತ್ತಿರ ಗಂಡ ಹೆಂಡತಿ ಇಬ್ಬರೂ ಹೋಗಲಿ. ಕೊಯ್ಲು ಶುರುವಾದಾಗ ಅಡುಗೆಮನೆಯನ್ನು ಅವಳೊಬ್ಬಳಿಗೇ ಬಿಡಬೇಡಿ ಅತ್ತಿಗೆ. ನನಗೆ ಫೋನ್ ಮಾಡಿ, ನಾನು ಬಂದು ಇರುತ್ತೇನೆ.