ಮಗ ಸ್ಕೀ ರೇಸರ್ ಆಗ್ತೀನಿ ಅಂತಾನೆ. ಇದರಲ್ಲಿ ಹೊಟ್ಟೆ ತುಂಬುತ್ತಾ?

ಡೊಂಬಿವಲಿ ಖಾನಾವಳಿ ಅಕ್ಕ

ಎಲ್ಲರಿಗೂ ನಮಸ್ಕಾರ. ನಾವು ವಿಜಯಪುರ ಕಡೆಯವರು. ಡೊಂಬಿವಲಿಯಲ್ಲಿ ಇಪ್ಪತ್ತು ವರ್ಷದಿಂದ ಖಾನಾವಳಿ ನಡೆಸುತ್ತಿದ್ದೇವೆ. ಮಗನಿಗೆ ಹದಿನೇಳು. ಜನವರಿಯಲ್ಲಿ ಗೆಳೆಯರ ಜೊತೆ ಗುಲ್ಮಾರ್ಗ್‌ಗೆ ಹೋಗಿ ಹದಿನಾಲ್ಕು ದಿನದ ಸ್ಕೀ ಕೋರ್ಸ್ ಮಾಡಿ ಬಂದ. ಬೂಟು ಒತ್ತಿ ಎರಡೂ ಕಾಲು ನೀಲಿಗಟ್ಟಿದ್ದವು. ನಾನು ಎಣ್ಣೆ ಹಚ್ಚುತ್ತಿದ್ದರೆ ಅವನು ನಗುತ್ತಾ ಇಳಿಜಾರಿನ ಕಥೆ ಹೇಳುತ್ತಿದ್ದ. ಈಗ ದಿನಾ ಬೆಳಗ್ಗೆ ಗೋಡೆಗೆ ಬೆನ್ನು ಕೊಟ್ಟು, ಕುರ್ಚಿ ಇಲ್ಲದೆ ಕುರ್ಚಿಯಲ್ಲಿ ಕೂತ ಹಾಗೆ ಕೂತು ಹಲ್ಲುಜ್ಜುತ್ತಾನೆ. ತೊಡೆ ಗಟ್ಟಿಯಾಗಬೇಕಂತೆ.

ಇಂಜಿನಿಯರಿಂಗ್ ಬೇಡವಂತೆ. ರೊಟ್ಟಿ ಬಡಿದು ಕೂಡಿಟ್ಟ ಆರು ಲಕ್ಷ ಇದೆ, ಅವನ ಓದಿಗೆ ಅಂತಲೇ ಇಟ್ಟದ್ದು. ಅವರಪ್ಪ ಅವನ ಜೊತೆ ಮಾತೇ ಬಿಟ್ಟಿದ್ದಾರೆ. ಗೊತ್ತಿರುವವರು ಹೇಳಿ, ಇದರಲ್ಲಿ ದುಡಿಮೆ ಇದೆಯಾ?

ಕೊತ್ರೂಡ್ ಚಾರಣಿಗ, ಪುಣೆ

ಅಕ್ಕಾ, ನಾನು ನಾಲ್ಕು ಚಳಿಗಾಲ ಗುಲ್ಮಾರ್ಗ್‌ನಲ್ಲಿ ಸ್ಕೀ ಕಲಿಸಿದ್ದೇನೆ. ರೇಸ್ ನಂಬಿಕೊಂಡು ಮನೆ ನಡೆಯೋದಿಲ್ಲ.

ಸ್ಲಾಲಮ್ ಅಂದ್ರೆ ನೆಟ್ಟ ಕಂಬಗಳ ನಡುವೆ ತಿರುಗುತ್ತಾ ಇಳಿಜಾರು ಇಳಿಯೋ ರೇಸ್. ವಿಶ್ವಕಪ್ ಸ್ಲಾಲಮ್‌ನಲ್ಲಿ ಮೊದಲ ಸುತ್ತು ಮುಗಿದ ಮೇಲೆ ಉಳಿಯೋದು 30 ಜನ. ಬಹುಮಾನದ ದುಡ್ಡು ಹೆಚ್ಚುಕಡಿಮೆ ಅವರಲ್ಲೇ ಹಂಚಿಹೋಗುತ್ತದೆ. ಅಮೆರಿಕದ ಮಿಕೇಲಾ ಶಿಫ್ರಿನ್ 2022-23ರ ಒಂದೇ ಸೀಸನ್‌ನಲ್ಲಿ 9 ಲಕ್ಷ ಸ್ವಿಸ್ ಫ್ರಾಂಕ್‌ಗೂ ಜಾಸ್ತಿ ಗೆದ್ದರು. ಹೆಲ್ಮೆಟ್ ಮೇಲಿನ ಜಾಹೀರಾತಿನ ದುಡ್ಡು ಬೇರೆ. ಆದರೆ ಅಷ್ಟು ಮೇಲೆ ಇರೋರು ಬೆರಳೆಣಿಕೆಯಷ್ಟು ಜನ.

ಕಾಶ್ಮೀರದ ಆರಿಫ್ ಖಾನ್ ಅವರನ್ನೇ ನೋಡಿ. ಗುಲ್ಮಾರ್ಗ್‌ನಲ್ಲಿ ತಂದೆಯದು ಸ್ಕೀ ಅಂಗಡಿ, ಮಗು ಇದ್ದಾಗಿನಿಂದ ಹಿಮದ ಮೇಲೇ ಬೆಳೆದವರು. ಅಂಥವರಿಗೇ ದುಡ್ಡು ಸಾಲದೆ 2018ರ ಒಲಿಂಪಿಕ್ಸ್ ತಪ್ಪಿತು. 2022ರಲ್ಲಿ ಬೀಜಿಂಗ್‌ಗೆ ಹೋದ ಒಬ್ಬನೇ ಭಾರತೀಯ ಅವರು. ಕಂಬಗಳು ಇನ್ನೂ ದೂರ ದೂರ ಇರೋ ಜೈಂಟ್ ಸ್ಲಾಲಮ್‌ನಲ್ಲಿ 45ನೆಯವರಾದರು. ಅದಕ್ಕೆ ಮುಂಚಿನ ಯುರೋಪ್ ತರಬೇತಿಗೂ ಸಾಮಾನಿಗೂ ಸರ್ಕಾರ ಕೊಟ್ಟದ್ದೇ ಸುಮಾರು 17 ಲಕ್ಷ. ನಿಮ್ಮ ಆರು ಲಕ್ಷ ಎಲ್ಲಿಗೆ ಸಾಲುತ್ತದೆ ಅಕ್ಕಾ?

ಗಂಡಸರ ರೇಸ್‌ನಲ್ಲಿ ಸ್ಲಾಲಮ್‌ಗೆ 165 ಸೆಂಟಿಮೀಟರ್ ಸ್ಕೀ, ಜೈಂಟ್ ಸ್ಲಾಲಮ್‌ಗೆ 193. ಒಂದರ ಬದಲು ಇನ್ನೊಂದು ನಡೆಯಲ್ಲ. ರಾತ್ರಿ ಊಟ ಆದ ಮೇಲೆ ಇಸ್ತ್ರಿಪೆಟ್ಟಿಗೆಯಿಂದ ಮೇಣ ಕರಗಿಸಿ ತಳಕ್ಕೆ ಬಳಿಯಬೇಕು, ಆರಿದ ಮೇಲೆ ಕೆರೆಯಬೇಕು. ಅಂಚನ್ನು ಅರದಿಂದ ತಿಕ್ಕಬೇಕು. ಹೆಬ್ಬೆರಳ ಉಗುರು ಅಂಚಿಗೆ ತಾಗಿಸಿದರೆ ಬಿಳಿ ಪುಡಿ ಉದುರಬೇಕು, ಆಗ ಹರಿತವಾಯ್ತು ಅಂತ ಲೆಕ್ಕ. ಈ ಕೆಲಸ ನನಗೆ ಈಗಲೂ ಇಷ್ಟ. ಆದರೆ ಏಪ್ರಿಲ್ ಬಂತು ಅಂದ್ರೆ ಕೈ ಖಾಲಿ. ಒಂದು ವರ್ಷ ಕೆಲಸ ಕೊಟ್ಟವರು ಎರಡು ತಿಂಗಳ ಸಂಬಳ ಕೊಡಲೇ ಇಲ್ಲ. ಸಹ್ಯಾದ್ರಿಯಲ್ಲಿ ಜನರನ್ನು ಚಾರಣಕ್ಕೆ ಕರೆದೊಯ್ದು ಬಾಡಿಗೆ ಕಟ್ಟಿದೆ. ಹಿಮವನ್ನೂ ನಂಬೋ ಹಾಗಿಲ್ಲ. 2025ರ ಫೆಬ್ರವರಿಯಲ್ಲಿ ಹಿಮ ಸಾಲದೆ ಗುಲ್ಮಾರ್ಗ್‌ನ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟವೇ ಮುಂದಕ್ಕೆ ಹೋಯಿತು.

ನಮ್ಮ ದೇಶದಲ್ಲಿ ಸ್ಕೀ ಮಾಡಿಕೊಂಡೂ ಹನ್ನೆರಡು ತಿಂಗಳು ಸಂಬಳ ಎಣಿಸೋರು ಅಂದ್ರೆ ಸೇನೆ, ಐಟಿಬಿಪಿ (ಭಾರತ-ಟಿಬೆಟ್ ಗಡಿ ಪೊಲೀಸ್) ಕಡೆಯವರು. ಪದಕಗಳೂ ಜಾಸ್ತಿ ಅವರಿಗೇ. ಆ ಆರು ಲಕ್ಷ ಮುಟ್ಟಬೇಡಿ. ಡಿಗ್ರಿ ಓದಲಿ, ಚಳಿಗಾಲದಲ್ಲಿ ಸ್ಕೀಯ ಮುಂದಿನ ಹಂತಗಳಾದ ಇಂಟರ್‌ಮೀಡಿಯೆಟ್, ಅಡ್ವಾನ್ಸ್ ಕೋರ್ಸ್ ಮುಗಿಸಲಿ. ಆದರೆ ಅವನನ್ನು ಹಿಮದಿಂದ ಪೂರ್ತಿ ಬಿಡಿಸಬೇಡಿ, ಕೈ ಮುಗಿದು ಕೇಳ್ತೀನಿ.

ಮಾಟುಂಗಾ ಮಾಮ್

ಹಿಮ ಇಲ್ಲದ ಊರಿನವರಿಗೆ ಆಗೋದೇ ಇಲ್ಲ ಅಂತಲ್ಲ ಮಾರಾಯ್ರೇ. ನಮ್ಮ ಕೊಡಗಿನ ಭವಾನಿ ತೆಕ್ಕಡ ನಂಜುಂಡ ಕ್ರಾಸ್ ಕಂಟ್ರಿ ಸ್ಕೀಯಿಂಗ್‌ನಲ್ಲಿ, ಅಂದ್ರೆ ಹಿಮದ ಮೇಲೆ ದೂರದ ಓಟದ ಹಾಗಿನ ಸ್ಕೀ ರೇಸ್‌ನಲ್ಲಿ, ಖೇಲೋ ಇಂಡಿಯಾ ಪದಕ ಗೆದ್ದಿದ್ದಾರೆ. ಆ ಆಟದವರು ಬೇಸಿಗೆಯಲ್ಲಿ ಚಕ್ರ ಇರುವ ಸ್ಕೀ ಹಾಕಿ ಡಾಂಬರು ರಸ್ತೆಯಲ್ಲೇ ಅಭ್ಯಾಸ ಮಾಡ್ತಾರೆ. ಹುಡುಗನಿಗೆ ದಮ್ ಇದ್ದರೆ ಅದನ್ನೂ ನೋಡಲಿ.

ಡೊಂಬಿವಲಿ ಖಾನಾವಳಿ ಅಕ್ಕ

ತಮ್ಮಾ, ನಿಮ್ಮ ಮಾತನ್ನು ರಾತ್ರಿ ಜೋರಾಗಿ ಓದಿದೆ, ಇಬ್ಬರಿಗೂ ಕೇಳಿಸಲಿ ಅಂತ. 17 ಲಕ್ಷ ಅಂದಾಗ ಮಗ ತಲೆ ತಗ್ಗಿಸಿದ. ಉಗುರಿನ ಮಾತು ಬಂದಾಗ ತನ್ನ ಹೆಬ್ಬೆರಳು ತೋರಿಸಿದ, ಅಲ್ಲಿ ಇನ್ನೂ ಗೀರು ಇದೆ. ಅವರಪ್ಪ ಎರಡು ವಾರದ ಮೇಲೆ ಮೊದಲ ಸಲ ಅವನ ಕಡೆ ತಿರುಗಿ, "ಐಟಿಬಿಪಿ ಅರ್ಜಿ ಯಾವಾಗ ಬಿಡ್ತಾರ ನೋಡು" ಅಂದರು.

ಇನ್ನೊಂದು ಕೇಳಬೇಕಿತ್ತು. ಇಂಟರ್‌ಮೀಡಿಯೆಟ್ ಕೋರ್ಸ್‌ಗೆ ಬೂಟು ಅಲ್ಲೇ ಕೊಡ್ತಾರಾ, ನಾವೇ ಕೊಳ್ಳಬೇಕಾ?